ಅಪ್ಪನ ಕಿವಿ ಮಷೀನು ಮತ್ತು ನನ್ನ ಗಂಟಲು

ಮೊನ್ನೆ ನನ್ನ ಮೊಬೈಲು ಕೆಟ್ಟಿತು. ಪೂರ್ತಿ ಕೆಟ್ಟಿದ್ದರೆ ಚೆನ್ನಾಗಿತ್ತು, ಮೂಲೆಗೆ ಇಟ್ಟು ಸುಮ್ಮನಾಗುತ್ತಿದ್ದೆ. ಇದು ಅರ್ಧ ಕೆಟ್ಟಿತ್ತು. ಆಚೆಯವರು ಮಾತಾಡಿದ್ದು ನನಗೆ ಕೇಳುತ್ತಿತ್ತು, ನಾನು ಮಾತಾಡಿದ್ದು ಅವರಿಗೆ ಮುಟ್ಟುತ್ತಿರಲಿಲ್ಲ. ಕಲಬುರ್ಗಿಯ ಸೂಪರ್ ಮಾರ್ಕೆಟ್ ಪೇಟೆಯ ಹತ್ತಿರ ಹೊಸದಾಗಿ ಆಗಿರುವ ಸರ್ವಿಸ್ ಸೆಂಟರಿಗೆ ಒಯ್ದೆ. ಗಾಜಿನ ಬಾಗಿಲು, ಒಳಗೆ ತಣ್ಣನೆಯ ಗಾಳಿ, ಕೈಗೊಂದು ಟೋಕನ್ ಚೀಟಿ. ಆಸ್ಪತ್ರೆಯಲ್ಲಿ ಕೂತ ಹಾಗೆ ಸಾಲಾಗಿ ಕೂತೆವು. ನನ್ನ ಸರದಿ ಬಂದಾಗ ಕೌಂಟರಿನ ಹಿಂದಿದ್ದ ಹುಡುಗಿ ನಕ್ಕು, "ಹೇಳ್ರಿ ಮೇಡಂ" ಎಂದಳು. ಹೇಳಿದೆ. ಎರಡನೆಯ ಮಾತು ಮುಗಿಯುವುದರೊಳಗೆ ಆಕೆ ಕೈ ಎತ್ತಿದಳು.

"ಮೇಡಂ, ಸ್ವಲ್ಪ ಮೆಲ್ಲಕ ಹೇಳ್ರಿ. ನನಗ ಕೇಳಸ್ಲಾಕತ್ತದ."

ಹಿಂದಿನ ಸಾಲಿನಿಂದ ಒಬ್ಬಾತ, "ಅಕ್ಕೋರಿಗೆ ಫೋನ್ ಯಾಕ ಬೇಕ್ರಿ, ಹಂಗ ಮಾತಾಡಿದ್ರೂ ಹುಮನಾಬಾದ ತನಕಾ ಮುಟ್ತದ" ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆ, ನಗದೆ ಏನು ಮಾಡುವುದು. ನನ್ನ ಮಾತು ಯಾರಿಗೂ ಕೇಳುತ್ತಿಲ್ಲ ಎಂದು ದೂರು ಕೊಡಲು ಹೋದವಳು, ಮಾತು ಬಹಳ ಕೇಳುತ್ತದೆ ಅನ್ನಿಸಿಕೊಂಡು ಬಂದೆ.

ನನ್ನ ದನಿ ದೊಡ್ಡದು. ಹೈಸ್ಕೂಲಿನಲ್ಲಿ ನಾನು ಇತಿಹಾಸ ಹೇಳುವಾಗ ಪಕ್ಕದ ತರಗತಿಯ ಗಣಿತದ ಮಾಸ್ತರರು ಬಾಗಿಲಿಗೆ ಬಂದು ನಿಲ್ಲುತ್ತಾರೆ. "ಅಕ್ಕೋರ, ನಮ್ಮ ಹುಡುಗರು ನನ್ನ ಗಣಿತದಾಗ ಫೇಲ್, ನಿಮ್ಮ ಇತಿಹಾಸದಾಗ ಪಾಸ್ ಆಗ್ಲಾಕತ್ತಾರ್ರೀ" ಎನ್ನುತ್ತಾರೆ. ಬಸ್ಸಿನಲ್ಲಿ ನಾನು ಪಕ್ಕದವರೊಡನೆ ಮಾತಾಡಿದರೆ ಕಂಡಕ್ಟರನಿಗೆ ನಮ್ಮ ಮನೆಯ ಸಾರು ಯಾವುದೆಂದು ತಿಳಿಯುತ್ತದೆ. ಸಣ್ಣ ದನಿಯಲ್ಲಿ ಮಾತಾಡುವ ಹೆಂಗಸರನ್ನು ಕಂಡರೆ ನನಗೆ ಈಗಲೂ ಆಶ್ಚರ್ಯವಾಗುತ್ತದೆ. ಅದು ಎಲ್ಲಿ ಕಲಿತರು ಇವರು, ಯಾರು ಕಲಿಸಿದರು ಎಂದು ನೋಡುತ್ತ ಕೂಡುತ್ತೇನೆ. ನಮ್ಮ ಮನೆಯಲ್ಲಿ ಅದನ್ನು ಕಲಿಸುವವರೇ ಇರಲಿಲ್ಲ.

ನಮ್ಮ ಊರು ಕಮಲಾಪುರ. ಊರಿನ ಹೆಸರು ಹೇಳಿದರೆ ಜನ ಕೆಂಪು ಬಾಳೆಹಣ್ಣು ಎನ್ನುತ್ತಾರೆ. ನಮ್ಮದು ಬಾಳೆತೋಟದ ಮನೆಯಲ್ಲ, ಹಿಟ್ಟಿನ ಗಿರಣಿಯ ಮನೆ. ಗಿರಣಿ ನಮ್ಮ ದೊಡ್ಡಪ್ಪನದು. ಅವರು ಮುಂದೆ ತಕ್ಕಡಿಯ ಹತ್ತಿರ ಕೂಡುತ್ತಿದ್ದರು, ನಮ್ಮ ಅಪ್ಪ ಒಳಗೆ ಎಂಜಿನ್ನಿನ ಮಗ್ಗುಲಲ್ಲಿ ನಿಲ್ಲುತ್ತಿದ್ದ. ಡೀಸೆಲ್ ಎಂಜಿನ್ನು. ಅದು ಶುರುವಾದರೆ ತಗಡಿನ ಛಾವಣಿ, ಗೋಡೆ, ನಿಂತವರ ಹಲ್ಲು ಎಲ್ಲ ಅದುರುತ್ತಿದ್ದವು. ಮದುವೆಗೆ ಮೊದಲಿನಿಂದ ಅಲ್ಲಿ ನಿಂತ ಅಪ್ಪ, ನಾನು ಕನ್ನಡ ಸಾಲೆಗೆ ಹೋಗುವ ಹೊತ್ತಿಗೆ ಅರ್ಧ ಕಿವುಡನಾಗಿದ್ದ. ಹೈಸ್ಕೂಲಿಗೆ ಹೋಗುವ ಹೊತ್ತಿಗೆ ಇನ್ನರ್ಧವೂ ಹೋಗಿತ್ತು.

ಕಿವಿ ಕೇಳದವರ ಮನೆಯಲ್ಲಿ ಬೆಳೆದವರಿಗೆ ನಾನು ಹೇಳುವುದು ಗೊತ್ತಾಗುತ್ತದೆ. ಅಂಥ ಮನೆಯಲ್ಲಿ ಮೆಲ್ಲಗೆ ಆಡುವ ಮಾತು ಇರುವುದಿಲ್ಲ. ಉಪ್ಪು ತಗೊಂಡು ಬಾ ಅನ್ನುವುದನ್ನೂ ಒದರಿಯೇ ಹೇಳಬೇಕು. ಒದರಿ ಹೇಳಬಹುದಾದದ್ದನ್ನು ಹೇಳುತ್ತೇವೆ, ಓಣಿಯೂ ಕೇಳಿಸಿಕೊಳ್ಳುತ್ತದೆ. ಮಿಕ್ಕ ಮಾತುಗಳಿರುತ್ತವಲ್ಲ, ಒಬ್ಬರ ಹತ್ತಿರ ಕೂತು ನೆಲ ನೋಡುತ್ತ ಆಡುವಂಥವು, ಅವು ಹಾಗೆಯೇ ಒಳಗೆ ಉಳಿದುಬಿಡುತ್ತವೆ. ಅವ್ವನಿಗೆ ಹೊಟ್ಟೆನೋವು ಬಂದಾಗ ಅಪ್ಪನಿಗೆ ಹೇಳಲಿಲ್ಲ. ಒದರಿದರೆ ಬಾಜೂ ಮನೆಯ ಗಂಡಸರಿಗೆ ಕೇಳಿಸುತ್ತದೆ ಎಂದು ಮುಸ್ಸಂಜೆಯಾಗುವ ತನಕ ಹೊಟ್ಟೆ ಹಿಡಿದುಕೊಂಡು ರೊಟ್ಟಿ ಬಡಿದಳು.

ಅಪ್ಪನಿಗೆ ಲೋಕದ ಸುದ್ದಿ ಮುಟ್ಟಿಸುತ್ತಿದ್ದವರು ದೊಡ್ಡಪ್ಪ. ಸಂಜೆ ಎಂಜಿನ್ನು ನಿಂತ ಮೇಲೆ ಇಬ್ಬರೂ ಗಿರಣಿಯ ಕಟ್ಟೆಯ ಮೇಲೆ ಕೂಡುತ್ತಿದ್ದರು. ದೊಡ್ಡಪ್ಪ ಎರಡು ಕೈಗಳನ್ನು ಬೊಗಸೆ ಮಾಡಿ ತಮ್ಮನ ಎಡಗಿವಿಗೆ ಹಚ್ಚಿ, ಊರ ಸುದ್ದಿ, ಸಂತೆಯ ಸುದ್ದಿ, ಯಾರ ಮನೆಯಲ್ಲಿ ಯಾರು ಬಂದರು ಅನ್ನುವುದನ್ನೆಲ್ಲ ಒದರುತ್ತಿದ್ದರು. ಅಪ್ಪ "ಹೂಂ" ಎನ್ನುತ್ತಿದ್ದ. ತಿಳಿದರೂ ಹೂಂ, ತಿಳಿಯದಿದ್ದರೂ ಹೂಂ. ಮತ್ತೊಮ್ಮೆ ಹೇಳು ಅನ್ನಲು ಅವನಿಗೆ ನಾಚಿಕೆ. ಮನುಷ್ಯ ಒಂದು ಸಲ ಎರಡು ಸಲ ಏನಂದಿ ಎಂದು ಕೇಳಬಹುದು, ಮೂರನೆಯ ಸಲ ಎದುರಿನವರ ಮುಖದ ಮೇಲೆ ಒಂದು ಗೆರೆ ಮೂಡುತ್ತದೆ. ಕಿವಿ ಹೋದವರು ಆ ಗೆರೆಯನ್ನು ಬೇಗ ಗುರುತು ಹಿಡಿಯುತ್ತಾರೆ.

ದೊಡ್ಡಪ್ಪ ಕೆಟ್ಟವರಲ್ಲ. ಇದನ್ನು ಈಗಲೇ ಹೇಳಿಬಿಡುತ್ತೇನೆ, ಮುಂದೆ ನೀವು ತಪ್ಪು ತಿಳಿಯಬಾರದು. ನನ್ನನ್ನು ಕಲಬುರ್ಗಿಯ ಕಾಲೇಜಿಗೆ ಹಚ್ಚುವಾಗ, "ಹೆಣ್ಣುಹುಡುಗಿ ಇಷ್ಟು ಓದಿ ಏನ್ ಮಾಡ್ತದ" ಎಂದವರೂ ಅವರೇ. ನನ್ನ ಟ್ರಂಕು ಹೊತ್ತುಕೊಂಡು ಬಸ್ಸಿನ ಮೇಲೆ ಏರಿಸಿದವರೂ ಅವರೇ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು. ಇದನ್ನು ಹೇಳುವಾಗ ನನ್ನ ದನಿ ಇನ್ನಷ್ಟು ದೊಡ್ಡದಾಗುತ್ತದೆ, ಅದಕ್ಕೆ ನಾನು ಕ್ಷಮೆ ಕೇಳುವುದಿಲ್ಲ. ಕಲಬುರ್ಗಿಯ ಐವಾನ್-ಎ-ಶಾಹಿ ಬಡಾವಣೆಯ ಕಡೆ ಒಂದು ಹಾಸ್ಟೆಲಿನಲ್ಲಿದ್ದೆ. ಬಿ.ಎ. ಎರಡನೆಯ ವರ್ಷ ವಿದ್ಯಾರ್ಥಿವೇತನ ಕೈಗೆ ಬಂದಾಗ ಗೆಳತಿಯರು ಸೀರೆ ತೆಗೆದುಕೊಂಡರು. ನಾನು ಅಪ್ಪನನ್ನು ಊರಿಂದ ಕರೆಸಿ ಸೂಪರ್ ಮಾರ್ಕೆಟಿನ ಕನ್ನಡಕದ ಅಂಗಡಿಗೆ ಕರೆದುಕೊಂಡು ಹೋದೆ. ಆಗ ಕಿವಿ ಮಷೀನನ್ನೂ ಕನ್ನಡಕದ ಅಂಗಡಿಯವರೇ ಮಾರುತ್ತಿದ್ದರು.

ಅಂಗಡಿಯ ಸೇಠ ಆ ದಿನ ನಮ್ಮನ್ನು ಬೀಗರ ಹಾಗೆ ನೋಡಿಕೊಂಡ. ಅಪ್ಪನಿಗೆ ಕುರ್ಚಿ, ಇಬ್ಬರಿಗೂ ತಂಪು ನೀರು. ಮಖಮಲ್ಲಿನ ಡಬ್ಬಿಯಿಂದ ಮಷೀನು ತೆಗೆದು ಎರಡೂ ಕೈಯಲ್ಲಿ ಹಿಡಿದು ಕೊಟ್ಟ. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದಾದ ಪೆಟ್ಟಿಗೆ, ಅಂಗಿಯ ಜೇಬಿನಲ್ಲಿ ಇಡುವಂಥದು. ಅದರಿಂದ ಒಂದು ತೆಳ್ಳನೆಯ ವೈರು, ವೈರಿನ ತುದಿಗೆ ಕಿವಿಗೆ ಸಿಕ್ಕಿಸುವ ಗುಂಡಿ. ಪಕ್ಕದಲ್ಲಿ ದನಿ ಹೆಚ್ಚು ಕಡಿಮೆ ಮಾಡುವ ಹಲ್ಲಿನ ಚಕ್ರ. ಸೇಠ ಚಕ್ರ ತಿರುಗಿಸಿ, ಬಾಗಿಲ ಹತ್ತಿರ ಹೋಗಿ ನಿಂತು, ನಾವು ಮಾತಾಡುವಷ್ಟೇ ದನಿಯಲ್ಲಿ, "ಯಜಮಾನ್ರ, ಊರು ಯಾವುದ್ರಿ?" ಎಂದ.

ಅಪ್ಪ ದನಿ ಬಂದ ಬಾಗಿಲ ಕಡೆ ತಿರುಗಿದ. ಆಮೇಲೆ "ಕಮಲಾಪುರ್ರೀ" ಎಂದ. ಅವನ ದನಿ ಅವನಿಗೇ ಕೇಳಿ ಬೆಚ್ಚಿ ಎದೆ ಮುಟ್ಟಿಕೊಂಡ.

ಆ ವಾರ ನಮ್ಮ ಮನೆಯಲ್ಲಿ ದಿನಕ್ಕೊಂದು ಸಪ್ಪಳ ಹೊಸದಾಗಿ ಹುಟ್ಟಿತು. ಅವ್ವ ರೊಟ್ಟಿ ಬಡಿಯುವುದು, ಕೊಡದ ನೀರು ಹಂಡೆಗೆ ಬೀಳುವುದು, ಹುಂಜ ಕೆದರುವುದು. "ನಿನ್ನ ಕೈಯಾಗಿನ ಬಳಿ ಇಷ್ಟು ಸಪ್ಪಳ ಮಾಡ್ತಾವೇನ?" ಎಂದು ಅವ್ವನನ್ನು ಕೇಳಿದ. ಅವ್ವ, "ಇಷ್ಟು ವರ್ಷ ಮಾಡ್ಯಾವ, ಈಗ ಕೇಳಸ್ಯಾವ ನೋಡು" ಎಂದು ಒಳಗೆ ಹೋದಳು. ಗಿರಣಿಗೆ ಹೋಗುವಾಗ ಹಿಟ್ಟಿನ ಧೂಳು ಕೂಡಬಾರದೆಂದು ಮಷೀನನ್ನು ಬಟ್ಟೆಯಲ್ಲಿ ಸುತ್ತಿ ದೇವರ ಮಾಡಿನಲ್ಲಿ ಇಟ್ಟು ಹೋಗುತ್ತಿದ್ದ. ಸಂಜೆ ಕೈಕಾಲು ತೊಳೆದು ವಿಭೂತಿ ಹಚ್ಚಿಕೊಂಡು ಮಷೀನು ಹಾಕಿಕೊಳ್ಳುತ್ತಿದ್ದ.

ನಾನು ಶನಿವಾರ ಊರಿಗೆ ಬಂದರೆ ಇಬ್ಬರೂ ಅಂಗಳದಲ್ಲಿ ಕೂಡುತ್ತಿದ್ದೆವು. ಜೀವನದಲ್ಲಿ ಮೊದಲ ಸಲ ಅಪ್ಪನ ಜೊತೆ ಸಣ್ಣ ದನಿಯಲ್ಲಿ ಮಾತಾಡಿದೆ. ನನಗೆ ಬರುತ್ತಿರಲಿಲ್ಲ, ಗಂಟಲು ತಾನಾಗಿ ಮೇಲೇರುತ್ತಿತ್ತು, ಅಪ್ಪ ಕೈ ಸನ್ನೆಯಿಂದ ಇಳಿಸು ಎನ್ನುತ್ತಿದ್ದ. ಕಾಲೇಜಿನ ಮಾತು, ಹಾಸ್ಟೆಲಿನ ನೀರುಸಾರಿನ ಮಾತು ಹೇಳಿದೆ. ಬಿ.ಎಡ್. ಮಾಡಿ ಮಾಸ್ತರಿಕೆ ಮಾಡುತ್ತೇನೆಂಬ ಆಸೆಯನ್ನೂ ಹೇಳಿದೆ. ಅಪ್ಪ ಹೂಂ ಅನ್ನಲಿಲ್ಲ. "ಯಾಕ?" ಎಂದ. ಯಾಕ ಮಾಸ್ತರಿಕೆ, ಯಾಕ ಇತಿಹಾಸ, ಹ್ಯಾಂಗ ಕಲಸ್ತಾರ. ಆ ಮನುಷ್ಯನಲ್ಲಿ ಇಷ್ಟು ಪ್ರಶ್ನೆಗಳಿದ್ದವೆಂದು ನನಗೆ ಗೊತ್ತಿರಲಿಲ್ಲ. ದೊಡ್ಡಪ್ಪನಿಗೂ ಗೊತ್ತಿರಲಿಲ್ಲ. ಗಿರಣಿಯ ಕಟ್ಟೆಯಲ್ಲಿ, "ನಮ್ಮ ಬಸ್ಯಾ ಮಷೀನ ಹಾಕ್ಕೊಂಡಾಗಿಂದ ವಕೀಲ ಆಗ್ಯಾನ" ಎಂದು ನಗುತ್ತಿದ್ದರು. ನಗುವಿನ ಅಡಿಯಲ್ಲಿ ಸ್ವಲ್ಪ ಬೇಸರವೂ ಇತ್ತೇನೋ. ಅವರ ಬೊಗಸೆ ಕೈಗೆ ಈಗ ಕೆಲಸವಿರಲಿಲ್ಲ.

ಮುಂದೆ ನಾನು ಕೊನೆಯ ವರ್ಷಕ್ಕೆ ಬಂದಾಗ ದಸರೆಯ ಖಂಡೇಪೂಜೆ ಬಂತು. ಗಿರಣಿಯ ಮನೆಗೆ ಅದು ದೊಡ್ಡ ಹಬ್ಬ. ದುಡಿಯುವ ಸಾಮಾನೆಲ್ಲ ತೊಳೆದು ಪೂಜೆ ಮಾಡಬೇಕು. ಎಂಜಿನ್ನಿಗೆ ಹೂವಿನ ಮಾಲೆ, ಬೀಸುಕಲ್ಲಿಗೆ ಕುಂಕುಮ, ತಕ್ಕಡಿಗೆ, ಸುತ್ತಿಗೆಗೆ, ನಟ್ಟು ಬಿಗಿಯುವ ಪಾನಾಗೆ ಎಲ್ಲಕ್ಕೂ ವಿಭೂತಿ. ನಾನು ಹಾಸ್ಟೆಲಿನಿಂದ ಬರುವಷ್ಟರಲ್ಲಿ ಮನೆಯ ಪೂಜೆ ಮುಗಿದಿತ್ತು. ದೇವರ ಮಾಡಿನ ಮುಂದೆ ಮಣೆಯ ಮೇಲೆ ಕುಡುಗೋಲು, ಈಳಿಗೆ, ಒಲೆಯ ಇಕ್ಕಳ, ನನ್ನ ಪೆನ್ನು ಸಾಲಾಗಿದ್ದವು. ಅವುಗಳ ನಡುವೆ, ಎಲ್ಲಕ್ಕಿಂತ ದೊಡ್ಡ ಹೂವು ಹೊತ್ತು, ಕಿವಿ ಮಷೀನು. ಅವ್ವ ಅದಕ್ಕೆ ನೀರು ಚಿಮುಕಿಸಿ, ವಿಭೂತಿಯನ್ನು ನೀರಲ್ಲಿ ಕಲಸಿ ಮೂರು ಬೆರಳಿನಿಂದ ಎಳೆದಿದ್ದಳು. ಮಾತು ಒಳಗೆ ಹೋಗುವ ಜಾಲರಿಯ ಮೇಲೆಯೇ ಎಳೆದಿದ್ದಳು. ಅದರ ಮೇಲೆ ಕುಂಕುಮ ಬೇರೆ.

ಅಪ್ಪ ಹಾಕಿಕೊಂಡ. ಚಕ್ರ ತಿರುಗಿಸಿದ. ಹೊಸ ಸೆಲ್ಲು ಹಾಕಿದ. ಏನೂ ಇಲ್ಲ.

"ಅದನ್ನ ಯಾಕ ಇಟ್ಟಿಬೇ ಅವ್ವಾ?" ಎಂದೆ.

"ದುಡಿಯೋ ಸಾಮಾನಕ್ಕ ಪೂಜಾ ಮಾಡ್ಬೇಕಲ್ಲ" ಎಂದಳು ಅವ್ವ. "ಈ ಮನ್ಯಾಗ ಅದಕಿಂತ ಹೆಚ್ಚಿಗಿ ದುಡಿಯೋದು ಯಾವದದ, ನೀನ ಹೇಳು."

ನಾನು ಬಟ್ಟೆಯಿಂದ ಜಾಲರಿ ಒರೆಸಿದೆ, ಕುಂಕುಮ ಹೋಗಲಿಲ್ಲ. 

ಕೆಟ್ಟದ್ದು ಅಷ್ಟೇ ಆಗಿದ್ದರೆ ನಡೆದುಹೋಗುತ್ತಿತ್ತು. ಅದೇ ವಾರ ದೊಡ್ಡಪ್ಪ ನನಗೊಂದು ಸಂಬಂಧ ತಂದರು. ದೊಡ್ಡವ್ವನ ತವರಿನ ಕಡೆಯವರು, ಹುಮನಾಬಾದದಲ್ಲಿ ಕಿರಾಣಿ ಅಂಗಡಿ, ಒಳ್ಳೆಯ ಮನೆತನ. ದೀಪಾವಳಿ ಆದ ಮೇಲೆ ನೋಡಲು ಬರುತ್ತಾರೆ, ಒಪ್ಪಿದರೆ ಅಲ್ಲಿಯೇ ಸಕ್ಕರೆ ಹಂಚುವುದು, ಯುಗಾದಿಯೊಳಗೆ ಲಗ್ನ. ನನ್ನ ಕೊನೆಯ ವರ್ಷದ ಪರೀಕ್ಷೆ ಯುಗಾದಿಯ ಆಚೆ ಇತ್ತು. ಹುಡುಗನ ಮನೆಯವರು ಓದು ಸಾಕು ಎಂದಿದ್ದರು. ಈ ಕೊನೆಯ ಮಾತನ್ನು ದೊಡ್ಡಪ್ಪ ಅವ್ವನಿಗೆ ಹೇಳಿದರು. ಅಪ್ಪನ ಕಿವಿಯಲ್ಲಿ ಬೊಗಸೆ ಹಚ್ಚಿ ಒದರುವಾಗ, "ಚಲೋ ಮನಿತನ ಅದ, ಹುಡುಗ ಶಾಣ್ಯಾ ಅದಾನ" ಎಂಬಷ್ಟನ್ನೇ ಒದರಿದರು. ಮೋಸವೆಂದು ಅಲ್ಲ. ಒದರುವವರು ಯಾವಾಗಲೂ ಸಣ್ಣದು ಮಾಡಿಯೇ ಒದರುತ್ತಾರೆ.

ಅಪ್ಪ ಹೂಂ ಎಂದ.

ನನಗೆ ಬೇಕಾಗಿದ್ದು ಇಷ್ಟೇ. ಆ ಜನ ಬರುವ ಮೊದಲು ಮಷೀನು ರಿಪೇರಿಯಾಗಬೇಕು, ಒಂದು ಸಂಜೆ ಅಂಗಳದಲ್ಲಿ ಅಪ್ಪನ ಪಕ್ಕದಲ್ಲಿ ಕೂತು, ದೊಡ್ಡಪ್ಪನ ಮಾನಕ್ಕೂ ಪೆಟ್ಟಾಗದ ಹಾಗೆ, ನನಗೆ ಈಗ ಲಗ್ನ ಬೇಡ ಎಂದು ಮೆಲ್ಲಗೆ ಹೇಳಬೇಕು. ಅವ್ವನಿಗೆ ಹೇಳಿದ್ದೆ. ಅವಳು, "ನಾ ಹ್ಯಾಂಗ ಒದರ್ಲಿ, ನಿಮ್ಮ ದೊಡ್ಡವ್ವ ಗ್ವಾಡಿ ಆಚೀಗೆ ಇರ್ತಾಳ" ಎಂದಳು. ಅಪ್ಪನಿಗೆ ಓದಲು ಬರುತ್ತಿರಲಿಲ್ಲ, ಬರೆದು ತೋರಿಸುವ ದಾರಿಯೂ ಇರಲಿಲ್ಲ.

ಮರುದಿನವೇ ಕನ್ನಡಕದ ಅಂಗಡಿಗೆ ಹೋದೆ. ಮಾರುವಾಗ ಎರಡು ಕೈ ಚಾಚಿದ ಸೇಠ, ರಿಪೇರಿ ಎಂದಾಗ ಒಂದು ಬೆರಳಿನಿಂದ ಮೂಲೆಯ ಬೆಂಚು ತೋರಿಸಿದ. ಬಂದ ಗಿರಾಕಿಗಳೆಲ್ಲ ಹೋದ ಮೇಲೆ ಮಷೀನು ತಿರುವಿ ನೋಡಿದ.

"ಇದರಾಗ ನೀರ್ ಹೋಗ್ಯಾದ. ನೀರ್ ಹೋದ್ರ ಗ್ಯಾರಂಟಿ ಇಲ್ಲ. ಈ ಕೆಂಪುಂದು ಏನಿದು?"

"ಕುಂಕುಮರಿ."

ಸೇಠ ನನ್ನ ಮುಖ ನೋಡಿದ. "ಕಂಪನಿಗೆ ಕಳಸ್ಬೇಕಾಗ್ತದ. ಟೈಮ್ ಹಿಡೀತದ."

"ಎಷ್ಟು ಟೈಮ್ ರೀ?"

"ಅದು ಕಂಪನಿ ಕೈಯಾಗಿಂದು."

ಕಂಪನಿ ಎಲ್ಲಿದೆಯೋ, ಅದಕ್ಕೆ ಕೈ ಎಷ್ಟಿವೆಯೋ. ಮಷೀನು ಕಿತ್ತುಕೊಂಡು ಶಹಾಬಜಾರಕ್ಕೆ ಹೋದೆ. ಅಲ್ಲಿಯ ಒಂದು ಸಂದಿಯಲ್ಲಿ ರೇಡಿಯೋ ರಿಪೇರಿಯ ಚಾಚಾ ಇದ್ದರು. ನಮ್ಮ ಹಾಸ್ಟೆಲಿನ ರೇಡಿಯೋ ಅವರ ಕೈಯಲ್ಲೇ ಬದುಕಿತ್ತು. ಅಂಗಡಿ ಎಂದರೆ ಒಬ್ಬರು ಕೂತರೆ ಇನ್ನೊಬ್ಬರು ಹೊರಗೆ ನಿಲ್ಲಬೇಕಾದಂಥದು. ಸುತ್ತಲೂ ಹೊಟ್ಟೆ ಬಿಚ್ಚಿಸಿಕೊಂಡ ರೇಡಿಯೋಗಳು. ಹೊರಗೆ ಒಬ್ಬಳು ಮುದುಕಿ ಕೌದಿಯಲ್ಲಿ ಸುತ್ತಿದ ಟೇಪ್ ರೆಕಾರ್ಡರನ್ನು ಕೂಸಿನ ಹಾಗೆ ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದಳು. "ಚಳಿ ಆಗ್ತದಂತ ಹೊಚ್ಚಿಯೇನ ಬಾಯಿ?" ಎಂದು ಚಾಚಾ ಅವಳನ್ನು ಕೆಣಕುತ್ತಿದ್ದರು.

ನನ್ನ ಮಷೀನನ್ನು ಭೂತಕನ್ನಡಿಯ ಕೆಳಗೆ ಹಿಡಿದು ಮೊದಲೇ ಹೇಳಿಬಿಟ್ಟರು. "ರೇಡಿಯೋ ಆಗಿದ್ರ ಗ್ಯಾರಂಟಿ ಕೊಡ್ತಿದ್ದೆ ಬೇಟಿ. ಇದು ಕಿವಿ ಅದ. ನೋಡ್ತೀನಿ, ಆದ್ರ ಗ್ಯಾರಂಟಿ ಇಲ್ಲ."

ಸ್ಕ್ರೂ ಬಿಚ್ಚಿದರು. ಸ್ಪಿರಿಟ್ಟಿನಲ್ಲಿ ಅದ್ದಿದ ಬ್ರಷ್ಷಿನಿಂದ ಅವ್ವನ ವಿಭೂತಿಯನ್ನು ಸ್ವಲ್ಪ ಸ್ವಲ್ಪವೇ ಕೆದರಿ ತೆಗೆದರು. ಎಲ್ಲಿಯೋ ಒಂದು ಕಡೆ ಬೆಸುಗೆಯ ಚುಕ್ಕೆ ಇಟ್ಟರು. ಆಮೇಲೆ ತಮ್ಮದೇ ಕಿವಿಗೆ ಸಿಕ್ಕಿಸಿಕೊಂಡು, "ಬಂತು" ಎಂದು ಬೇಗನೆ ತೆಗೆದಿಟ್ಟರು. "ಇದು ನಮಗ ಬ್ಯಾಡಪ್ಪಾ. ಮನ್ಯಾಗ ಬೀವಿ ಆವಾಜ ಹಂಗ ಸಾಕಷ್ಟು ಬರ್ತದ." ಹಣ ಮುಟ್ಟಲಿಲ್ಲ, ನಾನು ಊರಿಂದ ತಂದಿದ್ದ ಕೆಂಪು ಬಾಳೆಹಣ್ಣನ್ನು ಮಾತ್ರ ತೆಗೆದುಕೊಂಡು ಅರ್ಧ ಮುದುಕಿಗೆ ಕೊಟ್ಟರು. ಇಂಥ ಮನುಷ್ಯರಿದ್ದಾರೆ, ಆ ಸೇಠನೂ ಇದ್ದಾನೆ ಎಂದುಕೊಂಡು ಬಸ್ಸು ಹತ್ತಿದೆ.

ಆ ಸಂಜೆಯೇ ಅಂಗಳದಲ್ಲಿ ಕೂತೆವು. ಅಪ್ಪ ಗುಂಡಿ ಸಿಕ್ಕಿಸಿಕೊಂಡು ತಲೆ ಅಲ್ಲಾಡಿಸಿದ, ಕೇಳಿಸುತ್ತದೆ ಎಂದು. ಗೋಡೆಯಾಚೆ ದೊಡ್ಡವ್ವ ಪಾತ್ರೆ ತಿಕ್ಕುತ್ತಿದ್ದಳು. ನಾನು ನೆಲ ನೋಡುತ್ತ, ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದದ್ದನ್ನು ಶುರು ಮಾಡಿದೆ. "ಅಪ್ಪಾ, ದೊಡ್ಡಪ್ಪ ನನ್ನ ಮ್ಯಾಲ ಜೀವಾ ಇಟ್ಟಾರ. ಆದ್ರ ಆ ಸಂಬಂಧ ನನಗ ಈಗ..." ಮುಂದಿನದನ್ನೂ ಹೇಳಿದೆ, ಬಿ.ಎಡ್. ತನಕ ಎಲ್ಲವನ್ನೂ ಹೇಳಿದೆ. ಯಾಕ ಎನ್ನುತ್ತಾನೆ ಎಂದು ಕಾದೆ. ತಲೆಯೆತ್ತಿ ನೋಡಿದರೆ ಅಪ್ಪ ನನ್ನ ತುಟಿಗಳನ್ನೇ ನೋಡುತ್ತಿದ್ದ.

"ಹೂಂ" ಎಂದ.

ಮಷೀನು ಎಲ್ಲಿ ನಿಂತಿತೋ ತಿಳಿಯದು. ಮೊದಲ ಮಾತಿಗೋ, ಎರಡನೆಯದಕ್ಕೋ. ಅಪ್ಪ ಆಮೇಲೆ ಪೆಟ್ಟಿಗೆಯನ್ನು ತೊಡೆಗೆ ತಟ್ಟಿ, ಊದಿ, ಮತ್ತೆ ಬಟ್ಟೆಯಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟ. ಅವನ ಮುಖದಲ್ಲಿ ನನ್ನ ಬಗ್ಗೆ ಕರುಣೆ ಇತ್ತು. ನಾನೇನೋ ಕಷ್ಟದ್ದು ಹೇಳಿದೆನೆಂದು ಮಾತ್ರ ಅವನಿಗೆ ಗೊತ್ತಾಗಿತ್ತು.

ಮತ್ತೆ ಸೇಠನ ಬೆಂಚು. ಈ ಸಲ ಆತ ಸ್ಕ್ರೂಗಳನ್ನು ಉಗುರಿನಿಂದ ಮುಟ್ಟಿ ನೋಡಿದ.

"ಯಾರ್ ಬಿಚ್ಚ್ಯಾರ ಇದನ್ನ?"

"ಶಹಾಬಜಾರದಾಗ..."

"ಹೊರಗ ಬಿಚ್ಚಿದ್ದನ್ನ ಕಂಪನಿ ತಗೊಳ್ಳಂಗಿಲ್ಲ. ಓದಿದವರು ಹಿಂಗ ಮಾಡಿದ್ರ ಹ್ಯಾಂಗ?"

ಓದಿದವಳು ಎಂಬ ಮಾತು ನನ್ನನ್ನು ಚುಚ್ಚಿತು. ಆ ದಿನ ಸೂಪರ್ ಮಾರ್ಕೆಟಿನ ಆಟೋದವರೂ ತಿರುಗಿ ನೋಡುವಷ್ಟು ಒದರಿದೆ. ಮಾರುವಾಗ ನೀರು ಕೊಟ್ಟಿರಿ, ಈಗ ಬೆಂಚು ತೋರಿಸುತ್ತೀರಿ, ಬಡವರ ಕಿವಿ ಎಂದರೆ ನಿಮಗೆ ಆಟವೇನು ಎಂದೆ. ಕನ್ನಡಕ ಹಾಕಿ ನೋಡುತ್ತಿದ್ದ ಗಿರಾಕಿಯೊಬ್ಬ ಕನ್ನಡಕ ಇಟ್ಟು ಹೋದ. ಸೇಠ ಮಷೀನನ್ನು ಒಂದು ರಟ್ಟಿನ ಪೆಟ್ಟಿಗೆಯಲ್ಲಿ ಹಾಕಿ ದಾರ ಸುತ್ತಿದ. "ಕಳಸ್ತೀನಿ. ಬರೋದು ಬಿಡೋದು ಹೇಳ್ಲಿಕ್ಕಾಗಲ್ಲ" ಎಂದ. ಆಮೇಲೆ ಶನಿವಾರ ಬಂದಾಗಲೆಲ್ಲ ಹೋಗಿ ನಿಂತೆ. ನನ್ನನ್ನು ಕಂಡ ಕೂಡಲೇ ಆತ ಇಲ್ಲವೆಂದು ತಲೆ ಅಡ್ಡ ಆಡಿಸುತ್ತಿದ್ದ. ಆತ ಕಳಿಸಿಯೇ ಇಲ್ಲ, ಪೆಟ್ಟಿಗೆ ಅಲ್ಲಿಯೇ ಎಲ್ಲೋ ಕಪಾಟಿನ ಹಿಂದೆ ಬಿದ್ದಿದೆ ಎಂದು ಹಾಸ್ಟೆಲಿನಲ್ಲೆಲ್ಲ ಹೇಳಿಕೊಂಡು ತಿರುಗಿದೆ. ದೀಪಾವಳಿ ಬಂದು ಹೋಯಿತು.

ಹುಮನಾಬಾದದವರು ಬಂದರು. ಪಡಸಾಲೆಯಲ್ಲಿ ಜಮಖಾನ ಹಾಸಿ ದೊಡ್ಡಪ್ಪ ಎಲ್ಲರನ್ನೂ ಕೂಡಿಸಿದರು. ಅಪ್ಪ ತೊಳೆದ ಧೋತರ ಉಟ್ಟು ರುಮಾಲು ಸುತ್ತಿ ನಡುವೆ ಕೂತಿದ್ದ. ತಟ್ಟೆಯಲ್ಲಿ ಸಕ್ಕರೆ, ತೆಂಗಿನಕಾಯಿ. ನನ್ನನ್ನು ಕರೆಸಿದರು, ಹೆಸರು ಕೇಳಿದರು, ಕಳಿಸಿದರು. ನಾನು ಅಡುಗೆಮನೆಯ ಬಾಗಿಲಲ್ಲಿ ಅವ್ವನ ಹಿಂದೆ ನಿಂತೆ. ಹುಡುಗನ ಸೋದರಮಾವ, ತೂಕದ ಮನುಷ್ಯ, ಪದ್ಧತಿಯಂತೆ ಕೇಳಿದರು. "ಹುಡುಗಿ ತಂದಿ ಬಾಯಿಲೆ ಒಂದು ಮಾತು ಬರ್ಲಿ. ಒಪ್ಪಿಗಿ ಅದ ಏನ್ರೀ?"

ದೊಡ್ಡಪ್ಪ ಬೊಗಸೆ ಹಚ್ಚಿ ಒದರಿದರು. "ಬಸ್ಯಾ, ಸಕ್ಕರಿ ಹಂಚ್ಲಿಕ್ಕ ನಿನ್ನ ಒಪ್ಪಿಗಿ ಕೇಳ್ಲಾಕತ್ತಾರ. ಹೂಂ ಅನ್ನು."

ಅಪ್ಪ ಸುತ್ತಲೂ ನೋಡಿದ. ಬಾಯಿ ತೆರೆದ.

"ಅಪ್ಪಾ, ನನಗ ಈ ಲಗ್ನ ಬ್ಯಾಡ."

ಅದು ನನ್ನ ದನಿ ಎಂದು ನನಗೆ ತಿಳಿದದ್ದು ಅದು ಹೊರಬಿದ್ದ ಮೇಲೆ. "ಪರೀಕ್ಷಾ ಬರೀಬೇಕು. ಓದು ಬಿಡಸ್ತಾರ ಅಪ್ಪಾ ಇವ್ರು. ನಾ ಓದ್ತೀನಿ." ಎಂಜಿನ್ನಿನ ಮೇಲೆ ಹಾಯಿಸಬೇಕಾದಷ್ಟು ಎತ್ತರದ ದನಿ. ಎದುರುಮನೆಯ ಕಿಟಕಿ ತೆರೆಯಿತು. ಅವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ನಾನು ಒಂದು ಸಂಜೆ ಅಂಗಳದಲ್ಲಿ ಯಾರ ಮಾನವನ್ನೂ ತೆಗೆಯದೆ ಹೇಳಬೇಕೆಂದಿದ್ದ ಮಾತು ಅದು.

ಅಪ್ಪ ನನ್ನನ್ನು ನೋಡಿದ.  ಆಮೇಲೆ ಬಂದವರ ಕಡೆ ತಿರುಗಿ ಕೈ ಜೋಡಿಸಿದ.

"ಅಡಗಿ ಆಗ್ಯಾದ. ಊಟ ಮಾಡ್ಕೊಂಡು ಹೋಗ್ರಿ. ಮಾತು ಇಲ್ಲಿಗೆ ನಿಲ್ಲಲಿ."

ಅವರು ಉಂಡರು. ಮನೆತನಸ್ಥರು, ಎಲೆ ಬಿಟ್ಟು ಏಳಲಿಲ್ಲ. ಹೋಗುವಾಗ ಸೋದರಮಾವ ಮೆಟ್ಟು ಹಾಕಿಕೊಳ್ಳುತ್ತ, "ಹುಡುಗಿ ದನಿ ಚಲೋ ಅದ, ನಮ್ಮ ಅಂಗಡಿಗೆ ಭಾಳ ದೊಡ್ದಾಗ್ತಿತ್ತು" ಎಂದರು. ಆ ಮಾತು ನಮ್ಮ ಸೀಮೆಯಲ್ಲೆಲ್ಲ ತಿರುಗಾಡಿತು. ಮುಂದೆ ಬರಬೇಕಾದ ಸಂಬಂಧಗಳು ಕೆಲವು ಕಮಲಾಪುರದ ಬಸ್ ಸ್ಟ್ಯಾಂಡಿನಲ್ಲೇ ಅದನ್ನು ಕೇಳಿ ಹಾಗೆಯೇ ತಿರುಗಿ ಹೋದವಂತೆ.

ಅದರಿಂದ ನನಗೇನೂ ಕೊರತೆಯಾಗಲಿಲ್ಲ. ಕೊರತೆಯಾದದ್ದು ಅಪ್ಪನಿಗೆ. ದೊಡ್ಡಪ್ಪ ಜಗಳವಾಡಲಿಲ್ಲ, ಗಿರಣಿಯಿಂದ ತೆಗೆಯಲಿಲ್ಲ. ಒದರುವುದನ್ನು ಬಿಟ್ಟರು, ಅಷ್ಟೇ. ಎಂಜಿನ್ನು ನಿಂತ ಮೇಲೆ ತಕ್ಕಡಿ ಒಳಗಿಟ್ಟು ನೇರವಾಗಿ ಮನೆಗೆ ಹೋಗತೊಡಗಿದರು. ಅಪ್ಪ ಕಟ್ಟೆಯ ಮೇಲೆ ಒಬ್ಬನೇ ಕೂಡುತ್ತಿದ್ದ. ಯಾರು ಸತ್ತರು, ಯಾರು ಹಡೆದರು, ಮಳೆ ಎಲ್ಲಿಯ ತನಕ ಬಂದಿದೆ, ಯಾವುದೂ ಅವನಿಗೆ ಮುಟ್ಟುತ್ತಿರಲಿಲ್ಲ. ಓಣಿಯ ಜನರಿಗೆ ಅವನ ಕಿವಿಯಲ್ಲಿ ಒದರುವ ರೂಢಿ ಇರಲಿಲ್ಲ, ಅದು ಅಣ್ಣನ ಕೆಲಸವಾಗಿತ್ತು. ನಾನು ಹಾಸ್ಟೆಲಿನಲ್ಲಿ ಪರೀಕ್ಷೆಗೆ ಓದುತ್ತಿದ್ದೆ. ಪುಸ್ತಕ ತೆರೆದರೆ ಆ ಕಟ್ಟೆ ಕಾಣುತ್ತಿತ್ತು. ಓದಿದೆ. ಓದದೆ ಇದ್ದರೆ ಅವನು ಕೈ ಜೋಡಿಸಿದ್ದಕ್ಕೆ ಅರ್ಥವೇನು.

ಪರೀಕ್ಷೆ ಮುಗಿದ ಮೇಲೆ ಒಂದು ದಿನ ಸೂಪರ್ ಮಾರ್ಕೆಟಿನಲ್ಲಿ ಹಾಯುತ್ತಿದ್ದೆ. ಸೇಠ ಅಂಗಡಿಯಿಂದ ಇಳಿದು ಬಂದು ಕೈ ಮಾಡಿ ಕರೆದ. ಅದೇ ಗಂಟುಮುಖ. ಹಣದ ಗಲ್ಲೆಯ ಕೆಳಗಿಂದ ಅದೇ ರಟ್ಟಿನ ಪೆಟ್ಟಿಗೆ ತೆಗೆದ.

"ಬಂದದ. ಕಂಪನಿಯವ್ರು ಎರಡು ಸಲ ವಾಪಸ್ ಕಳಸಿದ್ರು, ಮತ್ತ ಟಪಾಲಕ್ಕ ಹಾಕಿದೆ. ಒಳಗಿನ ಮೈಕ್ ಹೊಸಾದು ಕೂಡಸ್ಯಾರ."

"ಯಾಕ್ರೀ ಮತ್ತ ಹಾಕಿದ್ರಿ?" ಎಂದೆ.

"ನನ್ನ ಅಂಗಡಿಯಿಂದ ಹೋದ ಮಾಲದು" ಎಂದ, ಅದರಲ್ಲಿ ಕೇಳುವುದೇನಿದೆ ಎಂಬಂತೆ. ರಿಪೇರಿಯ ದುಡ್ಡನ್ನೂ ಬಿಡದೆ ತೆಗೆದುಕೊಂಡ. ನಗಲಿಲ್ಲ, ನೀರನ್ನೂ ಕೊಡಲಿಲ್ಲ.

ಈ ಲೆಕ್ಕ ನನಗೆ ಇಂದಿಗೂ ಬಗೆಹರಿದಿಲ್ಲ. ಕಕ್ಕುಲಾತಿಯಿಂದ ಮಾತಾಡಿಸಿದವರ ಕೈಯಲ್ಲಿ ಅದು ಒಂದು ಸಂಜೆಯೂ ಬದುಕಲಿಲ್ಲ. ಮುಖ ಕೊಟ್ಟು ಮಾತಾಡದವನ ಕೈಯಲ್ಲಿ ಬದುಕಿ ಬಂತು, ಬರಬೇಕಾದ ಹೊತ್ತು ಮೀರಿದ ಮೇಲೆ. ಯಾರನ್ನು ಒಳ್ಳೆಯವರು ಅನ್ನುವುದು. ನಾನು ಇಬ್ಬರ ಅಂಗಡಿಗೂ ಆಮೇಲೆ ಬಹಳ ವರ್ಷ ಹೋದೆ.

ಮಷೀನು ತೆಗೆದುಕೊಂಡು ಕಮಲಾಪುರಕ್ಕೆ ಬಂದಾಗ ಗಿರಣಿ ಆಗಷ್ಟೇ ನಿಂತಿತ್ತು. ಅಪ್ಪ ಕೈಕಾಲು ತೊಳೆದುಕೊಂಡು ಗುಂಡಿಯನ್ನು ಕಿವಿಗೆ ಸಿಕ್ಕಿಸಿದ, ಚಕ್ರ ತಿರುಗಿಸಿದ. "ಕೇಳಸ್ತದೇನಪ್ಪಾ?" ಎಂದು ನಾನು ಮೆಲ್ಲಗೆ ಕೇಳಿದೆ. ಹೌದೆಂದು ತಲೆ ಆಡಿಸಿದ. ನನ್ನ ಹತ್ತಿರ ಹೇಳುವುದು ಎಷ್ಟೋ ಇತ್ತು. ಆ ದಿನ ಹಾಗೆ ಒದರಿದ್ದೇಕೆ, ಪರೀಕ್ಷೆ ಹೇಗಾಯಿತು, ಬಿ.ಎಡ್.ಗೆ ಅರ್ಜಿ ಹಾಕುವುದು ಎಂದು. ಅಪ್ಪ, "ಅರ್ಜಿ ತುಂಬು, ನಾ ಬರ್ತೀನಿ" ಎಂದಷ್ಟೇ ಹೇಳಿ ಎದ್ದ. ಅಂಗಳದಲ್ಲಿ ಕೂಡಲಿಲ್ಲ. ಹೊರಗೆ ಹೋಗಿ, ತಕ್ಕಡಿ ಒಳಗಿಡುತ್ತಿದ್ದ ದೊಡ್ಡಪ್ಪನ ಮುಂದೆ ನಿಂತ. ನಾನು ಹಿಂದೆಯೇ ಹೋದೆ.

"ಅಣ್ಣಾ" ಎಂದ. "ಏನರೆ ಮಾತಾಡು."

ದೊಡ್ಡಪ್ಪನ ಕೈ ತಕ್ಕಡಿಯ ಸರಪಳಿಯಲ್ಲೇ ನಿಂತಿತು. ಅವರು ನನ್ನ ಕಡೆ ನೋಡಲಿಲ್ಲ. ತಕ್ಕಡಿ ಕೆಳಗಿಟ್ಟು ಬಂದು ಕಟ್ಟೆಯ ಮೇಲೆ ಕೂತರು. ಅಪ್ಪನೂ ಕೂತ. ಅಪ್ಪನ ಕಿವಿಯ ಗುಂಡಿ, ಎದೆಯ ಮೇಲಿನ ವೈರು ಎಲ್ಲ ಕಣ್ಣೆದುರಿಗೇ ಇತ್ತು. ಆದರೆ ದೊಡ್ಡಪ್ಪನ ಎರಡೂ ಕೈಗಳು ಹಳೆಯ ರೂಢಿಯಂತೆ ತಾವಾಗಿ ಮೇಲೆದ್ದು ತಮ್ಮನ ಎಡಗಿವಿಯ ಹತ್ತಿರ ಬೊಗಸೆಯಾದವು.

"ಎಂಜಿನ್ ಬೆಲ್ಟ್ ಹರದದ. ನಾಳಿಗಿ ಕಲಬುರ್ಗಿಗಿ ಹೋಗ್ಬೇಕು" ಎಂದು ಪೂರ್ತಿ ಗಂಟಲಿನಿಂದ ಒದರಿದರು.

ಮಷೀನಿನೊಳಗೆ ಆ ದನಿ ಸಿಡಿದಿರಬೇಕು. ಅಪ್ಪನ ಕಣ್ಣುಗಳು ಮುಚ್ಚಿಕೊಂಡವು. ಅವನ ಕೈ ಜೇಬಿನ ಚಕ್ರದ ತನಕ ಹೋಯಿತು. ನಾನು ಮುಂದೆ ಹೋಗಿ, "ದೊಡ್ಡಪ್ಪ, ಮೆಲ್ಲಕ ಹೇಳ್ರಿ, ಅಪ್ಪಗ ಈಗ..." ಎನ್ನುವಷ್ಟರಲ್ಲಿ ಅಪ್ಪ ನನ್ನನ್ನು ನೋಡಿ ಸಣ್ಣಗೆ ತಲೆ ಅಲ್ಲಾಡಿಸಿದ. ಬೇಡ ಎಂದು. ಚಕ್ರವನ್ನು ತಿರುಗಿಸದೆ ಕೈಯನ್ನು ತಿರುಗಿ ತೊಡೆಯ ಮೇಲೆ ಇಟ್ಟುಕೊಂಡ.

ದೊಡ್ಡಪ್ಪ ಒದರುತ್ತ ಹೋದರು. ಬೆಲ್ಟಿನ ಸುದ್ದಿ, ಯಾರದೋ ಎಮ್ಮೆ ಈದ ಸುದ್ದಿ, ಅಷ್ಟು ತಿಂಗಳು ಹೇಳದೆ ಉಳಿದಿದ್ದೆಲ್ಲ. ಓಣಿ ಕೇಳಿಸಿಕೊಂಡಿತು. ಅಪ್ಪ ಪ್ರತಿಯೊಂದು ಸುದ್ದಿಗೂ ಕಣ್ಣು ಮುಚ್ಚಿ ತೆರೆದು, ಅಣ್ಣನ ಕಡೆ ಇನ್ನೊಂದಿಷ್ಟು ಬಾಗಿ ಕೇಳುತ್ತಿದ್ದ.

"ಮತ್ತ? ಮುಂದ ಏನಾಯ್ತಣ್ಣಾ?"